ಅಲ್ಲಿ ಇಂಡಿಯಾದವರು, ಇಲ್ಲಿ ಸಿಲೋನಿನವರು: ನಮ್ಮ ಕರಪತ್ರದ ತಪ್ಪಿನ ಬಗ್ಗೆ



ಸುಳ್ಯದ ಕಡೆಯ ಸಭೆಗೆ ಅಂತ ನಾನೇ ಬರೆದು, ನಾನೇ ಪ್ರಿಂಟ್ ಹಾಕಿಸಿದ ಕರಪತ್ರದ ಬಗ್ಗೆ ನಾಲ್ಕು ದಿನದಿಂದ ನಮ್ಮ ಗುಂಪುಗಳಲ್ಲಿ ಜಗಳ ನಡೀತಿದೆ. ಅದರ ತಲೆಬರಹದಲ್ಲಿ ನಾನು "ಶ್ರೀಲಂಕಾ ನಿರಾಶ್ರಿತ ತಮಿಳು ದಲಿತರ ಸಮಾವೇಶ" ಅಂತ ಬರೆದಿದ್ದೆ. ಐನೂರು ಪ್ರತಿ. ಹಂಚೋಕೆ ಅಂತ ರಬ್ಬರ್ ತೋಟದ ಕಾಲೊನಿಗೆ ಹೋದಾಗ, ಡಿಗ್ರಿ ಮುಗಿಸಿರೋ ಒಬ್ಬ ಹೆಣ್ಣುಮಗಳು ಅದನ್ನ ಒಂದು ಸಲ ಓದಿ, ಮಡಚಿ, ವಾಪಸ್ ನನ್ನ ಕೈಗೇ ಕೊಟ್ಟಳು.

"ಅಣ್ಣ, ಇದರಲ್ಲಿ ನಮ್ಮನ್ನ ಕರೆಯೋಕೆ ನಾಲ್ಕು ಪದ ಹಾಕಿದ್ದೀರಿ. ಮೊದಲ ಎರಡು ಸುಳ್ಳು. ಮೂರನೆಯದ್ದು ನಮ್ಮ ಮನೆಯೊಳಗಿನ ಭಾಷೆ. ನಾಲ್ಕನೆಯದ್ದನ್ನ ನಮ್ಮನ್ನ ಕೇಳಿ ಹಾಕಿದ್ದಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಮೂವತ್ತು ವರ್ಷದಿಂದ ಚಳವಳಿಯಲ್ಲಿದ್ದೀನಿ ಅನ್ನೋ ಜಂಬ ಅಲ್ಲೇ ಇಳೀತು.

ವಾಪಸ್ ಬಂದು ಇದನ್ನ ಗುಂಪಿನಲ್ಲಿ ಹಾಕಿದ್ದಕ್ಕೆ ಒಬ್ಬರು "ಹೆಸರಲ್ಲೇನಿದೆ, ಹೊಟ್ಟೆ ಪ್ರಶ್ನೆ ಮಾತಾಡಿ" ಅಂದ್ರು. ಇನ್ನೊಬ್ಬರು "ಅವರು ಹೊರಗಿನಿಂದ ಬಂದವರೇ ತಾನೇ, ಅಷ್ಟಕ್ಕೆ ಯಾಕೆ ಕೋಪ" ಅಂದ್ರು. ಇವರಿಬ್ಬರಿಗೂ ಸೇರಿಸಿ ಬರೀತಿದ್ದೀನಿ. ಉದ್ದ ಆಗುತ್ತೆ, ಓದಿ.

ಈ ಜನ ಯಾರು? 1820ರ ದಶಕದಿಂದ ಬ್ರಿಟಿಷರು ಸಿಲೋನಿನ ಬೆಟ್ಟಗಳಲ್ಲಿ ಕಾಫಿ ತೋಟ ಮಾಡೋಕೆ ಹೊರಟರು. ಕಾಡು ಕಡಿಯೋಕೆ, ಗಿಡ ನೆಡೋಕೆ ಆಳು ಬೇಕಿತ್ತು. ತಮಿಳು ಸೀಮೆಯ ಬರ, ಸಾಲ, ಜಮೀನ್ದಾರಿಕೆಯ ಕೆಳಗೆ ನರಳ್ತಿದ್ದವರನ್ನ ಕಂಗಾಣಿಗಳು ಅನ್ನೋ ಮೇಸ್ತ್ರಿಗಳು ಹಿಂಡಾಗಿ ಕರ್ಕೊಂಡು ಹೋದ್ರು. ಮನ್ನಾರ್ ಕಡೆ ದೋಣಿ ಇಳಿದು, ಕಾಡಿನಲ್ಲಿ ನಡ್ಕೊಂಡು ಬೆಟ್ಟ ಹತ್ತಬೇಕಿತ್ತು. ದಾರಿಯಲ್ಲೇ ಸತ್ತವರ ಲೆಕ್ಕ ಯಾರೂ ಸರಿಯಾಗಿ ಇಟ್ಟಿಲ್ಲ. ಆಮೇಲೆ ಕಾಫಿಗೆ ಎಲೆರೋಗ ಬಂತು, ಬೆಟ್ಟಗಳಿಗೆ ಟೀ ಬಂತು. ಬೆಳೆ ಬದಲಾಯ್ತು, ಆಳು ಅದೇ.

ಹೋದವರಲ್ಲಿ ಬಹುಪಾಲು ಪಳ್ಳರು, ಪರೈಯರು, ಚಕ್ಕಿಲಿಯರು. ಅಂದ್ರೆ ನಾವೇ. ಕರ್ಕೊಂಡು ಹೋದ ಕಂಗಾಣಿಗಳಲ್ಲಿ ಬಹಳ ಜನ ಅವರಿಗಿಂತ ಮೇಲಿನ ಜಾತಿಯವರು. ಊರಿನ ಗೌಡಿಕೆ ಸಮುದ್ರ ದಾಟಿ ಲೈನ್ ಮನೆಗಳ ಮುಂದೆ ಹೋಗಿ ನಿಂತ್ಕೊಂಡ್ತು ಅಷ್ಟೇ. "ತುಂಡು" ಅಂತ ಒಂದು ಚೀಟಿ ಇತ್ತು. ಆಳಿನ ಮೇಲಿರೋ ಸಾಲ ಎಷ್ಟು ಅಂತ ಬರೆದ ಚೀಟಿ. ಬೇರೆ ತೋಟದವನು ಆ ಸಾಲ ತೀರಿಸಿದ್ರೆ ಆಳು ಅವನ ಪಾಲಿಗೆ. ನಮ್ಮ ಕಡೆ ಜೀತ ಅಂತೀವಲ್ಲ, ಅದಕ್ಕೆ ಕಾಗದ ಇರಲಿಲ್ಲ; ಅಲ್ಲಿ ಕಾಗದಾನೂ ಇತ್ತು.

ಈಗ ಹೆಸರಿಗೆ ಬನ್ನಿ. ತೋಟದ ದಫ್ತರದಲ್ಲಿ ಇವರು "ಕೂಲಿ". ಕೂಲಿ ಅನ್ನೋದು ದುಡಿಮೆಗೆ ಕೊಡೋ ದುಡ್ಡು, ನಮ್ಮ ಭಾಷೆಗಳದ್ದೇ ಪದ. ಅದನ್ನ ಮನುಷ್ಯರ ಹೆಸರು ಮಾಡಿದ್ದು ದೊರೆಗಳು. 1911ರ ಜನಗಣತಿಯಲ್ಲಿ ತಮಿಳರನ್ನ "ಸಿಲೋನ್ ತಮಿಳರು", "ಇಂಡಿಯನ್ ತಮಿಳರು" ಅಂತ ಎರಡು ಮಾಡಿದ್ರು. ಅಷ್ಟೊತ್ತಿಗೆ ಅಲ್ಲೇ ಹುಟ್ಟಿದ ಎರಡು ಮೂರು ತಲೆಮಾರು ಆಗಿತ್ತು. ಆದ್ರೂ ಇಂಡಿಯನ್. ಜಾಫ್ನಾದ ಮೇಲ್ಜಾತಿ ತಮಿಳರ ಬಾಯಲ್ಲಿ ಇವರು "ತೋಟ್ಟಕ್ಕಾಟ್ಟಾನ್", ತೋಟದ ಕಾಡಿನವನು. ಬೈಯೋವಾಗ "ಕಳ್ಳತೋಣಿ". ಕನ್ನಡದವರಿಗೆ ಅನುವಾದ ಬೇಕಿಲ್ಲ. ಕಳ್ಳದೋಣಿಯಲ್ಲಿ ಬಂದವನು. ಬ್ರಿಟಿಷರು ಲೆಕ್ಕ ಹಾಕಿ, ಸಾಲದ ಚೀಟಿ ಬರೆದು ಕರ್ಕೊಂಡು ಬಂದವರು ಕಳ್ಳದೋಣಿಯವರಂತೆ!

ಹೆಸರಲ್ಲೇನಿದೆ ಅಂದವರು ಇಲ್ಲಿಂದ ಮುಂದೆ ಸ್ವಲ್ಪ ನಿಧಾನಕ್ಕೆ ಓದಿ. ಸಿಲೋನಿಗೆ ಸ್ವಾತಂತ್ರ್ಯ ಬಂದದ್ದು 1948ರ ಫೆಬ್ರವರಿಯಲ್ಲಿ. ಅದೇ ವರ್ಷ ಪೌರತ್ವ ಕಾಯ್ದೆ ಬಂತು. ನೀನು ಇಲ್ಲಿಯವನೇ ಅಂತ ತೋರಿಸೋಕೆ ಅಪ್ಪ, ಅಜ್ಜನ ಜನನ ಪತ್ರ ತಾ ಅಂದ್ರು. ಲೈನ್ ಮನೆಯಲ್ಲಿ ಹುಟ್ಟಿದವರಿಗೆ ಯಾರು ಬರೆದಿಟ್ಟಿದ್ರು ಜನನ ಪತ್ರ? ಸುಮಾರು ಏಳು ಲಕ್ಷ ಜನ ಒಂದೇ ಏಟಿಗೆ ಯಾವ ದೇಶಕ್ಕೂ ಸೇರದವರಾದ್ರು. ಮರುವರ್ಷ ವೋಟೂ ಹೋಯ್ತು. ಜನಗಣತಿಯ ಕಾಲಂನಲ್ಲಿದ್ದ "ಇಂಡಿಯನ್" ಅನ್ನೋ ಒಂದು ಪದ ಮೂವತ್ತೇಳು ವರ್ಷ ಸುಮ್ಮನೆ ಕೂತಿದ್ದು, ಆಮೇಲೆ ಎದ್ದು ಕಚ್ಚಿತು.

ಆವತ್ತು ತಮಿಳು ಕಾಂಗ್ರೆಸ್ಸಿನ ಜಿ.ಜಿ. ಪೊನ್ನಂಬಲಂ ಸರ್ಕಾರದ ಜೊತೆ ಹೋದ್ರು. ಎಸ್.ಜೆ.ವಿ. ಚೆಲ್ವನಾಯಕಂ ಅದೇ ಕಾರಣಕ್ಕೆ ಬೇರೆಯಾಗಿ 1949ರಲ್ಲಿ ಫೆಡರಲ್ ಪಕ್ಷ ಕಟ್ಟಿದ್ರು. ಭಾಷೆ ಒಂದೇ ಇದ್ರೆ ಜನ ಒಂದೇ ಅನ್ನೋರು ಇದನ್ನ ನೆನಪಿಟ್ಟುಕೊಳ್ಳಿ.

1964ರ ಅಕ್ಟೋಬರ್‌ನಲ್ಲಿ ಸಿರಿಮಾವೋ ಮತ್ತು ಶಾಸ್ತ್ರಿ ಕೂತು ಜನರನ್ನ ಹಂಚಿಕೊಂಡ್ರು. ಒಟ್ಟು 9,75,000. ಇಂಡಿಯಾಕ್ಕೆ 5,25,000, ಸಿಲೋನಿಗೆ 3,00,000. ಉಳಿದ 1,50,000 ಜನರ ವಿಷಯ ಆಮೇಲೆ ನೋಡೋಣ ಅಂತ ಬಿಟ್ರು. 1974ರಲ್ಲಿ ಅರ್ಧ ಅರ್ಧ ಮಾಡ್ಕೊಂಡ್ರು. ಅಣ್ಣತಮ್ಮಂದಿರು ಪಾಲಾಗೋವಾಗ ಪಾತ್ರೆಪಗಡ ಹಂಚ್ಕೊಳ್ತಾರಲ್ಲ, ಹಾಗೆ. ಆ ಜನರನ್ನ ಕೂರಿಸಿ ಯಾರೂ ಕೇಳಲಿಲ್ಲ.

ತಲೈಮನ್ನಾರ್‌ನಿಂದ ಹಡಗು ಹತ್ತಿ ರಾಮೇಶ್ವರಕ್ಕೆ, ಮಂಡಪಂ ಕ್ಯಾಂಪಿಗೆ. ಅಲ್ಲಿಂದ ನೀಲಗಿರಿಯ ಟೀ ತೋಟಕ್ಕೆ ಕೆಲವರು, ಕೇರಳದ ಪುನಲೂರಿಗೆ ಕೆಲವರು, ನಮ್ಮ ಸುಳ್ಯ ಪುತ್ತೂರಿನಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಕೆಲವರು. ಟೀ ಎಲೆ ಕಿತ್ತ ಕೈಗಳು ರಬ್ಬರ್ ಹಾಲಿನ ಕೆಲಸ ಕಲಿತವು. ತಮಿಳಿನಲ್ಲಿ ಇವರಿಗೆ ಸರ್ಕಾರಿ ಹೆಸರು "ತಾಯಗಂ ತಿರುಂಬಿಯೋರ್", ತಾಯ್ನಾಡಿಗೆ ಮರಳಿದವರು. ಕಾಣದ ನಾಡಿಗೆ ಮರಳೋದು ಹೇಗೆ? ಅದೂ ಒಂದು ಸುಳ್ಳೇ.

ಆದ್ರೆ ಒಂದು ಮಾತು ಸತ್ಯ. ಒಪ್ಪಂದದಲ್ಲಿ ಬಂದ ಇವರು ಭಾರತದ ಪೌರತ್ವ ತಗೊಂಡು, ಭಾರತದ ಪಾಸ್‌ಪೋರ್ಟ್ ಹಿಡ್ಕೊಂಡು ಬಂದವರು. ನಿರಾಶ್ರಿತರಲ್ಲ. 1983ರ ಹಿಂಸೆಯಿಂದಾಚೆ ಜೀವ ಉಳಿಸ್ಕೊಳ್ಳೋಕೆ ಬಂದು ತಮಿಳುನಾಡಿನ ಕ್ಯಾಂಪುಗಳಲ್ಲಿರೋರು ಬೇರೆ. (ಅವರಲ್ಲೂ ತೋಟದ ಮೂಲದವರು ಸಾವಿರಾರು ಜನ ಇದ್ದಾರೆ. 2021ರಲ್ಲಿ ಸ್ಟಾಲಿನ್ ಸರ್ಕಾರ "ನಿರಾಶ್ರಿತರ ಶಿಬಿರ" ಅನ್ನೋದನ್ನ "ಪುನರ್ವಸತಿ ಶಿಬಿರ" ಅಂತ ಬದಲಾಯಿಸಿತು. ಒಳ್ಳೇದೇ. ಪೌರತ್ವ ಕೊಡೋದು ದಿಲ್ಲಿ, ಮತ್ತು 2019ರ ಸಿಎಎಯಲ್ಲಿ ಶ್ರೀಲಂಕಾದ ಹೆಸರೇ ಇಲ್ಲ.) ನಾನು ಕರಪತ್ರದಲ್ಲಿ ಎರಡನ್ನೂ ಕಲಸಿಬಿಟ್ಟೆ. ಆ ಹುಡುಗಿ ಹುಟ್ಟಿದ್ದು ಇಲ್ಲೇ, ಓದಿದ್ದು ಕನ್ನಡ ಮೀಡಿಯಂನಲ್ಲಿ, ಮಾತಾಡೋದು "ಎಂತ ಮಾರಾಯ್ರೆ" ಅಂತ. ಅವಳ ಅಜ್ಜಿಗೆ ಅಲ್ಲಿದ್ದಾಗ ಇಂಡಿಯಾದವಳು ಅಂತಿದ್ರು. ಇಲ್ಲಿಗೆ ಬಂದ ಮೇಲೆ ಸಿಲೋನಿನವಳು.

ಕೋಪಕ್ಕೆ ಇನ್ನೊಂದು ಕಾರಣ ಇದೆ, ಅದನ್ನ ಆಮೇಲೆ ಹೇಳಿದ್ಲು. ಅವಳ ತಮ್ಮ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದ. ಕಚೇರಿಯೊಂದರಲ್ಲಿ "ಶ್ರೀಲಂಕಾದವರಿಗೆ ಎಸ್ಸಿ ಹೇಗಪ್ಪಾ" ಅಂತ ವಾಪಸ್ ಕಳಿಸಿದ್ರಂತೆ. ಪರಿಶಿಷ್ಟ ಜಾತಿ ಪಟ್ಟಿ ರಾಜ್ಯದ ಪ್ರಕಾರ ಇರೋದು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದವರು ಆ ಸವಲತ್ತನ್ನ ಜೊತೆಗೆ ಒಯ್ಯೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ಹಾಗಾದ್ರೆ ಮುತ್ತಜ್ಜ ತಮಿಳುನಾಡು, ಅಜ್ಜಿ ಸಿಲೋನ್, ತಾನು ದಕ್ಷಿಣ ಕನ್ನಡ ಅನ್ನೋ ಹುಡುಗನ "ಮೂಲ" ಯಾವುದು? ಅವನು ಸ್ವಂತ ಇಷ್ಟಕ್ಕೆ ವಲಸೆ ಬಂದವನಲ್ಲ, ಎರಡು ಸರ್ಕಾರ ಸಹಿ ಹಾಕಿ ತಂದಿಟ್ಟ ಕುಟುಂಬ. ಆದಿದ್ರಾವಿಡ ಎರಡೂ ರಾಜ್ಯದ ಪಟ್ಟಿಯಲ್ಲಿದೆ. ಆದ್ರೂ ಕಡತದಲ್ಲಿ "ಶ್ರೀಲಂಕಾ" ಅಂತ ಒಂದು ಪದ ಬಿದ್ದರೆ ಸಾಕು, ಕಾಲಿಗೆ ತೊಡರುತ್ತೆ. ಅಂಥದ್ರಲ್ಲಿ ನಾನು ಐನೂರು ಪ್ರತಿ ಮಾಡಿ ಊರೆಲ್ಲಾ ಹಂಚೋಕೆ ಹೊರಟಿದ್ದೆ! ಹೊಟ್ಟೆ ಪ್ರಶ್ನೆ ಅಂದ್ರಲ್ಲ, ಇದೇ ಹೊಟ್ಟೆ ಪ್ರಶ್ನೆ.

ಅತ್ತ ಶ್ರೀಲಂಕಾದಲ್ಲಿ ಉಳಿದವರಲ್ಲೂ ಇದೇ ವಾದ ನಡೀತಿದೆ. ಎಲ್ಲರಿಗೂ ಪೌರತ್ವ ಸಿಗೋ ಹೊತ್ತಿಗೆ 2003ರ ಕಾಯ್ದೆವರೆಗೂ ಕಾಯಬೇಕಾಯ್ತು. ಈಗ ಬಹಳ ಜನ, ಅದರಲ್ಲೂ ಓದಿದ ಯುವಕರು, "ನಾವು ಮಲೈಯಗ ತಮಿಳರು" ಅಂತಾರೆ. ಮಲೆಯನ್ನೇ ಮನೆ ಮಾಡ್ಕೊಂಡವರು. 2023ರಲ್ಲಿ, ಬಂದು ಇನ್ನೂರು ವರ್ಷ ಆಯ್ತು ಅಂತ, ತಲೈಮನ್ನಾರ್‌ನಿಂದ ಮಾತಳೆವರೆಗೆ ಪೂರ್ವಿಕರ ದಾರಿಯಲ್ಲೇ ಪಾದಯಾತ್ರೆ ಮಾಡಿದ್ರು. ಕೆಲವು ಹಿರಿಯರಿಗೆ ಇಂಡಿಯನ್ ಅನ್ನೋದನ್ನ ಬಿಡೋಕೆ ಮನಸ್ಸಿಲ್ಲ. ಇಂಡಿಯಾದಿಂದ ಮನೆ, ಸ್ಕಾಲರ್‌ಶಿಪ್ ಬರೋದು ಆ ಹೆಸರಿಗೆ ಅನ್ನೋ ಲೆಕ್ಕ. ಇನ್ನು ಕೆಲವರು ಗಣತಿಯವರು ಬಂದಾಗ ಸುಮ್ಮನೆ ಶ್ರೀಲಂಕಾ ತಮಿಳರು ಅಂತ ಬರೆಸ್ತಾರೆ. ಕೊಲಂಬೋದಲ್ಲಿ, ಕಿಳಿನೊಚ್ಚಿಯಲ್ಲಿ ಇರೋರು "ನಾವು ಬೆಟ್ಟದಲ್ಲೇ ಇಲ್ವಲ್ಲ" ಅಂತಾರೆ.

ನನ್ನನ್ನ ಕೇಳಿದ್ರೆ, ಮಲೈಯಗ ಅನ್ನೋದೇ ಸರಿ, ಯಾಕಂದ್ರೆ ಅದನ್ನ ಅವರೇ ಇಟ್ಟುಕೊಂಡ್ರು. ಗಣತಿಯವನು ಕೊಟ್ಟಿದ್ದಲ್ಲ, ಕಂಗಾಣಿ ಕೊಟ್ಟಿದ್ದಲ್ಲ. ಆದ್ರೆ ನನಗೊಂದು ತಕರಾರಿದೆ. ಆ ಹೆಸರಿನ ಕಂಬಳಿಯ ಕೆಳಗೆ ಕಂಗಾಣಿಯ ಮೊಮ್ಮಗನೂ ಇದ್ದಾನೆ, ಸಾಲದ ಚೀಟಿಯವನ ಮೊಮ್ಮಗಳೂ ಇದ್ದಾಳೆ. "ನಾವೆಲ್ಲಾ ಮಲೈಯಗ, ಜಾತಿ ಮಾತಾಡಬೇಡಿ" ಅಂತ ಮೊದಲು ಹೇಳೋದು ಇಬ್ಬರಲ್ಲಿ ಯಾರು ಅಂತ ನಮಗೆ ಹೇಳಿಕೊಡಬೇಕಿಲ್ಲ.

ಹಾಗಂತ "ದಲಿತ" ಅಂತ ನಾನು ಹೊರಗಿನಿಂದ ಅಂಟಿಸಬಹುದಾ? ಆ ಕಾಲೊನಿಯಲ್ಲಿ ಬೇರೆ ಜಾತಿಯವರೂ ಇದ್ದಾರೆ, ಕ್ರೈಸ್ತರಿದ್ದಾರೆ, ಜಾತಿ ಹೇಳೋಕೆ ಅಂಜೋ ಮನೆಗಳೂ ಇವೆ. 1938ರಲ್ಲಿ ಮುಂಬೈ ಶಾಸನಸಭೆಯಲ್ಲಿ ನಮ್ಮ ಜನಕ್ಕೆ ಕಾನೂನಿನಲ್ಲಿ "ಹರಿಜನ" ಅಂತ ಹೆಸರಿಡೋಕೆ ಹೊರಟಾಗ ಬಾಬಾಸಾಹೇಬರು ತಮ್ಮ ಪಕ್ಷದವರ ಜೊತೆ ಎದ್ದು ಹೊರಗೆ ನಡೆದರು. 2018ರಲ್ಲಿ ಕೇಂದ್ರದ ವಾರ್ತಾ ಇಲಾಖೆ "ದಲಿತ ಅನ್ನಬೇಡಿ" ಅಂತ ಮಾಧ್ಯಮಗಳಿಗೆ ಹೇಳಿದಾಗ ನಾವೆಲ್ಲಾ ಬೀದಿಗಿಳಿದ್ವಿ. ನಮ್ಮ ಹೆಸರು ನಾವು ಇಟ್ಕೊಳ್ತೀವಿ ಅಂತ. ಇನ್ನೊಬ್ಬರಿಗೆ ಹೆಸರಿಡೋ ಹೊತ್ತಿಗೆ ನಾನೇ ಸರ್ಕಾರ ಆಗಿಬಿಟ್ಟೆ.

ಮೊನ್ನೆ ಮತ್ತೆ ಹೋಗಿದ್ದೆ. ಕಾಲೊನಿಯವರೇ ಕೂತು ಮಾತಾಡಿದ್ರು, ನಾನು ಸುಮ್ಮನೆ ಕೂತಿದ್ದೆ (ಕಷ್ಟ ಆಯ್ತು). ಯುವಕರೆಲ್ಲಾ ಸಿಲೋನ್ ಅನ್ನೋ ಪದವೇ ಬೇಡ ಅಂದ್ರು. ಆಗ ಒಬ್ಬ ಮುದುಕರು ಎದ್ದು, "ಅದನ್ನ ತೆಗೀಬೇಡಿ. ನನ್ನ ತಾಯಿಯನ್ನ ಆ ತೋಟದಲ್ಲೇ ಹೂತಿದ್ದೀನಿ. ಪೇಪರಿನಲ್ಲಿ ಬೇಡ ಅಂದ್ರೆ ಆಯ್ತು, ಬಾಯಲ್ಲಾದ್ರೂ ಇರಲಿ" ಅಂದ್ರು. ಒಬ್ಬರೂ ಉತ್ತರ ಕೊಡಲಿಲ್ಲ. ಆ ಹುಡುಗಿ ಕೂಡ.

ಕೊನೆಗೆ ಅವಳೇ ಬರೆದ ತಲೆಬರಹ ಇದು: "1964ರ ಒಪ್ಪಂದದಡಿ ಕರೆತಂದ ಭಾರತೀಯ ನಾಗರಿಕರ ಮಕ್ಕಳು ಮೊಮ್ಮಕ್ಕಳ, ರಬ್ಬರ್ ತೋಟ ಕಾರ್ಮಿಕರ ಸಭೆ". ಜಾತಿ ಪ್ರಮಾಣಪತ್ರದ ಬೇಡಿಕೆ ಒಳಗೆ ಮೊದಲನೇ ಸಾಲಿನಲ್ಲೇ ಇದೆ, ಆದಿದ್ರಾವಿಡ ಅಂತ ಅವರೇ ಬರೆದಿದ್ದಾರೆ. ದಲಿತ ಅನ್ನೋದು ಸಭೆಯಲ್ಲಿ ಚರ್ಚೆ ಆಗಲಿ ಅಂತ ಬಿಟ್ಟಿದ್ದಾರೆ. ತುಂಬಾ ಉದ್ದ ಆಯ್ತು, ಫ್ಲೆಕ್ಸಿನಲ್ಲಿ ಹಿಡಿಸಲ್ಲ ಅಂದೆ. "ಹಾಗಾದ್ರೆ ದೊಡ್ಡ ಫ್ಲೆಕ್ಸ್ ಮಾಡಿಸಿ ಅಣ್ಣ" ಅಂದ್ಲು.

ದುಡ್ಡು ಸ್ವಲ್ಪ ಸಾಲ್ತಿಲ್ಲ. ಕೈಲಾದವರು ನನಗೆ ಮೆಸೇಜ್ ಮಾಡಿ. ಹಳೇ ಐನೂರು ಕರಪತ್ರ ಮನೆಯಲ್ಲೇ ಇದೆ, ಹಿಂದಿನ ಖಾಲಿ ಬದಿಯಲ್ಲಿ ನನ್ನ ಮಗ ಲೆಕ್ಕ ಮಾಡ್ತಿದ್ದಾನೆ.