ತಿದ್ದುವುದಕ್ಕೆ ಮೊದಲು ಆಲಿಸುವುದು

ನವರಾತ್ರಿಯ ದಿನಗಳಲ್ಲಿ ಮೈಸೂರಿನ ಹಳೆಯ ಬೀದಿಗಳ ಮನೆಗಳಲ್ಲಿ ಗೊಂಬೆಗಳನ್ನು ಕೂರಿಸಿ, ಶಾರದೆಯ ಮುಂದೆ ಪುಸ್ತಕಗಳನ್ನಿರಿಸಿ ಪೂಜಿಸಿ, ವಿಜಯದಶಮಿಯ ಬೆಳಿಗ್ಗೆ ಮೂರು ವರ್ಷದ ಮಗುವನ್ನು ತಂದೆಯೋ ತಾತನೋ ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಅದರ ಬೆರಳನ್ನು ಹಿಡಿದು ಓಂಕಾರವನ್ನು ಬರೆಯಿಸುವ ಅಕ್ಷರಾಭ್ಯಾಸವು ನಮಗೆಲ್ಲ ಪರಿಚಿತವಾದ ಸಂಸ್ಕಾರ. ಅದರಲ್ಲಿ ಶಿಕ್ಷಣದ ದೃಷ್ಟಿಯಿಂದ ಗಮನಿಸತಕ್ಕ ಅಂಶವೊಂದುಂಟು: ಮಗುವಿಗೆ ಮೊದಲು ದೊರೆಯುವುದು ಹಿರಿಯರ ಮಡಿಲು, ಅನಂತರ ಕಿವಿಗೆ ಬೀಳುವ ಧ್ವನಿ, ಕಟ್ಟಕಡೆಗೆ ಬೆರಳಿನ ಕೆಳಗೆ ಸರಿಯುವ ಅಕ್ಕಿ. ಲೇಖನಿಯು ಅಲ್ಲಿಲ್ಲ. ಹಿಂದಿನ ಕೂಲಿಮಠಗಳಲ್ಲಿಯೂ ಮರಳಿನ ಮೇಲೆ ಅಕ್ಷರವನ್ನು ತಿದ್ದುವ ಬೆರಳಿನೊಡನೆ ಅದನ್ನು ನುಡಿಯುವ ಬಾಯಿಯೂ ಕೂಡಿ ಸಾಗುತ್ತಿದ್ದಿತು. ಆ ಮಠಗಳ ಬೆತ್ತವನ್ನು ನಾನು ಎಂದಿಗೂ ಸಮರ್ಥಿಸಲಾರೆ; ಆದರೆ ಧ್ವನಿಯನ್ನೂ ಬೆರಳನ್ನೂ ಅವು ಬೇರ್ಪಡಿಸಲಿಲ್ಲವೆಂಬುದನ್ನು ಮರೆಯಲಾಗದು.

ಇಂದು ನಮ್ಮ ನೆರೆಮನೆಯ ಮಗುವೊಂದು, ನಾಲ್ಕು ವರ್ಷ ಇನ್ನೂ ತುಂಬದಿದ್ದರೂ, ಶಿಶುಶಾಲೆಯಿಂದ ಮರಳಿದೊಡನೆ ಕಾಪಿ ಪುಸ್ತಕದಲ್ಲಿ ಎರಡು ಪುಟ ಅಕ್ಷರಗಳನ್ನು ಬರೆದು ಮುಗಿಸುವವರೆಗೆ ಅಂಗಳಕ್ಕೆ ಇಳಿಯುವಂತಿಲ್ಲ. ಎಲುಬು ಇನ್ನೂ ಬಲಿಯದ ಆ ಬೆರಳುಗಳು ಪೆನ್ಸಿಲನ್ನು ಒತ್ತಿ ಒತ್ತಿ ಕೆಂಪೇರುವುದನ್ನು ಸಂಜೆಸಂಜೆಯೂ ಕಾಣುತ್ತಿರುವ ನನಗೆ, ಓದುಬರಹದ ಬುನಾದಿಯನ್ನು ಕೈಯಿಂದ ಆರಂಭಿಸುವ ಈ ಪದ್ಧತಿಯು ತಪ್ಪೆಂದು, ಅದನ್ನು ಕಿವಿಯಿಂದಲೂ ನಾಲಗೆಯಿಂದಲೂ ಆರಂಭಿಸಬೇಕೆಂದು, ಸ್ಪಷ್ಟವಾಗಿ ಹೇಳಬೇಕೆನಿಸಿದೆ.

ಇದಕ್ಕೆ ಕಾರಣವು ಕನ್ನಡ ಲಿಪಿಯ ಸ್ವಭಾವದಲ್ಲಿಯೇ ಇದೆ. ವರ್ಣಮಾಲೆಯಲ್ಲಿರುವುದು 49 ಅಕ್ಷರಗಳೇ ಆದರೂ, 34 ವ್ಯಂಜನಗಳು ಹದಿನೈದರ ಕಾಗುಣಿತದಲ್ಲಿ ವಿಸ್ತರಿಸಿದಾಗ ಮಗು ಗುರುತಿಸಬೇಕಾದ ರೂಪಗಳು 500ನ್ನು ಮೀರುತ್ತವೆ. ಒತ್ತಕ್ಷರಗಳ ಸಂಸಾರವು ಅದರಾಚೆಗೆ. ಈ ಅಕ್ಷರಸಮೂಹವು ಮಕ್ಕಳಿಗೆ ಒಂದೆರಡು ವರ್ಷಗಳಲ್ಲಿ ಕರಗತವಾಗುವುದಿಲ್ಲವೆಂದೂ, ಪ್ರಾಥಮಿಕ ಶಾಲೆಯ ಮೂರು ನಾಲ್ಕನೆಯ ತರಗತಿಗಳವರೆಗೂ ಆ ಕಲಿಕೆ ಮುಂದುವರಿಯುವುದೆಂದೂ ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಓದನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿಕೊಟ್ಟಿತು. ಹೀಗಿರುವಲ್ಲಿ ಮೂರರ ಮಗುವನ್ನು ಅವಸರಪಡಿಸಿ ನಾವು ಗಳಿಸುವುದಾದರೂ ಏನು?

ಲಿಪಿಯ ಈ ವಿಸ್ತಾರವು ಭಯಪಡಿಸುವಂತಿದ್ದರೂ ಅದರ ಬಾಗಿಲು ಮಾತ್ರ ಮಗುವಿನ ಎತ್ತರಕ್ಕೇ ಇದೆ. ಏಕೆಂದರೆ ಕನ್ನಡದ ಅಕ್ಷರವು ಬಾಯಲ್ಲಿ ಹೇಳಬಹುದಾದ, ಚಪ್ಪಾಳೆಯಲ್ಲಿ ಎಣಿಸಬಹುದಾದ ಒಂದು ಧ್ವನಿಘಟಕ. ‘ಬಾಳೆ’ ಎಂದು ಎರಡು ಚಪ್ಪಾಳೆ ತಟ್ಟುವ ಮಗು ತನಗರಿವಿಲ್ಲದೆಯೇ ಎರಡು ಅಕ್ಷರಗಳನ್ನು ಬಿಡಿಸಿಟ್ಟಿರುತ್ತದೆ. ‘ಬಳೆ’, ‘ಬಾಳೆ’ ಎಂದು ಒಂದಾದಮೇಲೊಂದನ್ನು ನುಡಿಸಿ, ಎಲ್ಲಿ ಧ್ವನಿಯನ್ನು ಎಳೆದೆವೆಂದು ಕೇಳಿ, ಎಳೆದಲ್ಲಿ ಕೈಯನ್ನು ಚಾಚುವಂತೆ ಆಡಿಸಿದ ಮಗುವಿಗೆ, ಮುಂದೆ ಇಳಿ ಎಂಬ ಚಿಹ್ನೆಯು ಪರಕೀಯವಾಗಿ ತೋರುವುದಿಲ್ಲ. ‘ಮಲ್ಲಿಗೆ’ ಎಂಬ ಮಾತಿನಲ್ಲಿಯಾದರೋ ಕಿವಿಗೆ ‘ಮಲ್–ಲಿ–ಗೆ’ ಎಂದು ಕೇಳಿಸುವುದು ಬರಹದಲ್ಲಿ ‘ಮ–ಲ್ಲಿ–ಗೆ’ ಎಂದು ಕೂಡಿಕೊಳ್ಳುತ್ತದೆ. ಕೇಳಿದ್ದಕ್ಕೂ ಕಂಡದ್ದಕ್ಕೂ ಇರುವ ಈ ಅಂತರವೇ ಒತ್ತಕ್ಷರದ ಕಷ್ಟದ ಮೂಲವೆಂಬುದನ್ನು ಬಲ್ಲ ಉಪಾಧ್ಯಾಯಿನಿಯು, ಅದನ್ನು ಬರೆಯಲು ತಡವರಿಸುವ ಮಗುವನ್ನು ಮಂದಮತಿಯೆಂದು ಎಂದಿಗೂ ಎಣಿಸಳು.

ಈ ವಿಷಯದಲ್ಲಿ ನಮ್ಮ ಮೈಸೂರು ಜಿಲ್ಲೆಯೇ ನಾಡಿಗೆ ಒಮ್ಮೆ ದಾರಿ ತೋರಿತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲೆಗಳ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮಶಾಲೆಗಳನ್ನು ಕಂಡುಬಂದು, ಯುನಿಸೆಫ್ ನೆರವಿನಿಂದ ತಮ್ಮ ಶಾಲೆಗಳಲ್ಲಿ ‘ನಲಿ–ಕಲಿ’ಯನ್ನು ರೂಪಿಸಿದರು. ಹಾಡು, ಕಥೆ, ಆಟ, ಚಿತ್ರದ ಕಾರ್ಡುಗಳ ಮೂಲಕ ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಮುನ್ನಡೆಯುವ ಆ ಕ್ರಮವು 2009–10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಅವರು ಅ ಆ ಇ ಈ ಎಂಬ ಅನುಕ್ರಮವನ್ನು ಬದಿಗಿರಿಸಿ ರ, ಗ, ಸ, ದ, ಅ ಎಂದು ಆರಂಭಿಸಿದುದು ಅನೇಕ ಹಿರಿಯರಿಗೆ ಅಪಚಾರವೆಂದು ತೋರಿತು. ಆದರೆ ಈ ಐದೇ ಅಕ್ಷರಗಳಿಂದ ಸರ, ದರ, ರಸ, ಅರಸ, ಗರಗಸ ಎಂಬ ಪದಗಳು ಹುಟ್ಟುವುದನ್ನೂ, ಮೊದಲ ವಾರಗಳಲ್ಲಿಯೇ ಮಗು ಅರ್ಥವುಳ್ಳ ಪದವೊಂದನ್ನು ತಾನಾಗಿ ಓದಿ ಹಿಗ್ಗುವುದನ್ನೂ ಕಂಡಮೇಲೆ ಆ ಆಕ್ಷೇಪಣೆಯು ನಿಲ್ಲಲಾರದೆಂದು ನನ್ನ ಅಭಿಪ್ರಾಯ. ಅಂಗನವಾಡಿಯಲ್ಲಾಗಲಿ, ಎಲ್‌ಕೆಜಿ ಯುಕೆಜಿಗಳಲ್ಲಾಗಲಿ ಇಷ್ಟನ್ನೂ ಕಲಿಸಬೇಕಾಗಿಲ್ಲ. ಇದಕ್ಕೆ ಬೇಕಾದ ಕಿವಿಯನ್ನು ಹದಗೊಳಿಸಿದರೆ ಸಾಕು.

ಹದಗೊಳಿಸುವ ಸಾಮಗ್ರಿಗೆ ಈ ಊರಿನಲ್ಲಿ ಕೊರತೆಯಿಲ್ಲ. ಮೆಟ್ಟಿಲುಗಳ ಮೇಲೆ ಕುಳಿತ ಪಟ್ಟದ ಗೊಂಬೆಗಳನ್ನೂ, ದಿನಸಿಯ ಅಂಗಡಿಯನ್ನು ಹರಡಿಕೊಂಡ ಶೆಟ್ಟಿ ದಂಪತಿಗಳನ್ನೂ ತೋರಿಸಿ ಕಥೆ ಹೇಳಿಸಬಹುದು. ಹತ್ತು ಮಕ್ಕಳು ಹತ್ತು ಕಥೆ ಹೇಳುವರು. ದೇವರಾಜ ಮಾರುಕಟ್ಟೆಯಿಂದ ತಂದ ವೀಳ್ಯದೆಲೆ, ನಂಜನಗೂಡಿನ ರಸಬಾಳೆ, ಮಲ್ಲಿಗೆಯ ಮೊಗ್ಗುಗಳನ್ನು ಬುಟ್ಟಿಯಲ್ಲಿರಿಸಿ, ಒಂದೇ ಧ್ವನಿಯಿಂದ ಮೊದಲಾಗುವ ಹೆಸರುಗಳನ್ನು ಆರಿಸಿಡುವ ಆಟವಾಡಿಸಬಹುದು. ಬಾಗಿಲ ಮುಂದೆ ಚುಕ್ಕಿಯಿಟ್ಟು ಎಳೆ ಎಳೆಯುವ ರಂಗೋಲಿಗಿಂತ, ದುಂಡನೆಯ ಕನ್ನಡ ಅಕ್ಷರಗಳಿಗೆ ಕೈಯನ್ನು ಸಿದ್ಧಗೊಳಿಸುವ ಅಭ್ಯಾಸವು ಬೇರೊಂದಿಲ್ಲ.

ಆದರೆ ಎಲ್ಲಕ್ಕಿಂತ ಮಿಗಿಲಾಗಿ ನಾನು ಬಯಸುವುದು ಮತ್ತೊಂದನ್ನು. ದಿನಕ್ಕೆ ಒಂದೊಂದು ಮಗುವು ತನ್ನ ಮನೆಯ ಮಾತಿನಲ್ಲಿ ಹೇಳಿದ ಒಂದು ವಾಕ್ಯವನ್ನು ಟೀಚರು ಕಪ್ಪುಹಲಗೆಯ ಮೇಲೆ ಅದರ ಕಣ್ಣೆದುರಿಗೇ ಬರೆದು, ಪದದ ಕೆಳಗೆ ಬೆರಳಿರಿಸಿ, ಎಲ್ಲರಿಗೂ ಕೇಳುವಂತೆ ಓದಬೇಕು. ತಾನಾಡಿದ ಮಾತು ಗಾಳಿಯಲ್ಲಿ ಕರಗದೆ ಅಲ್ಲಿ ನಿಂತಿರುವುದನ್ನು ಕಂಡ ಮಗುವಿಗೆ ಬರಹವೆಂದರೇನೆಂಬುದನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ.

ಮನೆಯ ಮಾತು ಎಂದೆನಷ್ಟೆ. ನಮ್ಮ ಸೀಮೆಯ ಹಳ್ಳಿಯ ಮಗು ಹಾಲನ್ನು ‘ಆಲು’ ಎನ್ನುತ್ತದೆ. ಮಂಡಿ ಮೊಹಲ್ಲದ ಮಗು ಉರ್ದುವಿನಲ್ಲಿ ಕನಸು ಕಾಣುತ್ತದೆ. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಗಳ ಜೇನುಕುರುಬ ಮಗುವಿನ ನುಡಿಯೇ ಬೇರೆ. ‘ಆಲು’ ಎಂದುದಕ್ಕೆ ತರಗತಿಯೆಲ್ಲ ನಕ್ಕರೆ ಆ ಮಗು ಅಂದಿನಿಂದ ಬಾಯಿ ಬಿಡುವುದಿಲ್ಲ, ಬಾಯಿ ಬಿಡದ ಮಗುವಿಗೆ ಓದು ಹತ್ತುವುದಿಲ್ಲ. ಭಾರತೀಯ ಭಾಷೆಗಳ ಅಧ್ಯಯನಕ್ಕೆಂದೇ 1969ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಂಸ್ಥೆಯನ್ನು ಮಾನಸಗಂಗೋತ್ರಿಯಲ್ಲಿ ಹೊಂದಿರುವ ಈ ನಗರದ ಶಿಶುಶಾಲೆಗಳಲ್ಲಿ ಯಾವ ಮಗುವೂ ತನ್ನ ಮಾತಿಗಾಗಿ ನಾಚಿಕೊಳ್ಳುವಂತಾಗಬಾರದು.

ಇದೆಲ್ಲವನ್ನೂ ಮಾಡಬೇಕಾದವಳು ಯಾರು? 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಆರಂಭವಾದಾಗ ಕರ್ನಾಟಕದ ಪಾಲಿಗೆ ಆಯ್ಕೆಯಾದದ್ದು ನಮ್ಮ ತಿರುಮಕೂಡಲು ನರಸೀಪುರ. ಅಂದಿನಿಂದ ಇಂದಿನವರೆಗೆ ರಾಜ್ಯದಲ್ಲಿ ಅಂಗನವಾಡಿಗಳು 60,000ವನ್ನು ಮೀರಿ ಬೆಳೆದಿವೆ. ಕಾರ್ಯಕರ್ತೆಯ ಹೊರೆಯೂ ಬೆಳೆದಿದೆ: ಮಕ್ಕಳನ್ನು ತೂಗುವುದು, ಚುಚ್ಚುಮದ್ದಿಗೆ ತಾಯಂದಿರನ್ನು ಕರೆತರುವುದು, 2017ರಿಂದ ಮಾತೃಪೂರ್ಣ ಯೋಜನೆಯಂತೆ ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟ ಬಡಿಸುವುದು, ಇವೆಲ್ಲದರ ವಿವರವನ್ನು ಮೊಬೈಲಿನಲ್ಲಿ ತುಂಬುವುದು, ಮೇಲೆ ಸಮೀಕ್ಷೆಗಳು. ಈ ಕಾರ್ಯಗಳಲ್ಲಿ ಯಾವುದೂ ನಿರರ್ಥಕವಲ್ಲ. ಆದರೆ ಇವುಗಳ ನಡುವೆ ಮಗುವಿನ ಮಾತಿಗೆ ಕಿವಿಗೊಡುವ ಹೊತ್ತು ಆಕೆಗೆ ಉಳಿಯದಿರುವುದೇ ನನ್ನ ವ್ಯಥೆ. ಮೂರರಿಂದ ಎಂಟು ವರ್ಷಗಳನ್ನು ಬುನಾದಿಯ ಹಂತವೆಂದು 2020ರ ಶಿಕ್ಷಣ ನೀತಿಯು ಘೋಷಿಸಿದೆ. ಆ ಘೋಷಣೆಯು ನರಸೀಪುರದ ಅಂಗನವಾಡಿಯ ಚಾಪೆಯನ್ನು ಮುಟ್ಟಬೇಕಾದರೆ ಹೊಸ ಗ್ರಂಥಗಳಿಗಿಂತ ಮೊದಲು ಬೇಕಾದುದು ಸಮಯ. ಜಿಲ್ಲಾಡಳಿತವು ಒಂದು ಆಜ್ಞೆ ಹೊರಡಿಸಲಿ: ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಯಾವ ಅಧಿಕಾರಿಯೂ ಅಂಗನವಾಡಿಗೆ ಕರೆ ಮಾಡತಕ್ಕದ್ದಲ್ಲ, ಯಾವ ಲೆಕ್ಕವನ್ನೂ ಕೇಳತಕ್ಕದ್ದಲ್ಲ. ಆ ಒಂದು ಗಂಟೆ ತೂಕದ ಯಂತ್ರವೂ ಮೊಬೈಲೂ ಕಪಾಟಿನಲ್ಲಿರಲಿ, ಒಲೆಯನ್ನು ಸಹಾಯಕಿ ನೋಡಿಕೊಳ್ಳಲಿ, ಟೀಚರು ಚಾಪೆಯ ಮೇಲೆ ಮಕ್ಕಳ ನಡುವೆ ಕುಳಿತಿರಲಿ.