ತಪ್ಪಿಗೂ ಒಂದು ನಿಯಮವಿದೆ

ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ, ಪಠ್ಯವಾಗಿ ಟೈಪ್ ಮಾಡಿದ್ದ ಜನ್ಮದಿನಾಂಕಗಳಿಂದ ಎಂಟನೇ ತರಗತಿ ಮಕ್ಕಳ ವಯಸ್ಸು ತೆಗೆಯಲು ಎಕ್ಸೆಲ್‌ನಲ್ಲಿ ಮ್ಯಾಕ್ರೋ ಬರೆದಿದ್ದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಿತ್ತು. ಕಚೇರಿಯ ಕಂಪ್ಯೂಟರ್‌ನಲ್ಲಿ ಕೆಲವರ ವಯಸ್ಸು ಮಾತ್ರ ತಪ್ಪು. ‘ಹಳೇ ಕಂಪ್ಯೂಟರ್, ಬಿಡಿ’ ಎಂದರು. ನಾನೂ ಹಾಗೇ ಅಂದುಕೊಂಡೆ.

ತಪ್ಪಿದ ಹೆಸರುಗಳನ್ನು ಪಟ್ಟಿ ಮಾಡಿದಾಗ ಗುಟ್ಟು ತಿಳಿಯಿತು: ಎಲ್ಲರೂ ತಿಂಗಳ 12ನೇ ತಾರೀಖಿನೊಳಗೆ ಹುಟ್ಟಿದವರು. ಆ ಕಂಪ್ಯೂಟರ್‌ನ ದಿನಾಂಕ ಅಮೆರಿಕದ ಕ್ರಮದಲ್ಲಿತ್ತು. 05/06/2012 ನಮಗೆ ಜೂನ್ 5, ಅದಕ್ಕೆ ಮೇ 6. 25/06/2012 ಆದರೆ, 25ನೇ ತಿಂಗಳಿಲ್ಲದ ಕಾರಣ, ಜೂನ್ 25 ಎಂದೇ ಓದುತ್ತಿತ್ತು. ದಿನ, ತಿಂಗಳು, ವರ್ಷಗಳನ್ನು ಬೇರೆ ಬೇರೆ ಕಾಲಂಗೆ ಹಾಕಿ ‘ಡೇಟ್‌ಸೀರಿಯಲ್’ ಬಳಸಿದೆ. ಎರಡೂ ಕಡೆ ಒಂದೇ ಉತ್ತರ ಬಂತು.

ಅದೇ ವಾರ 1/2 + 1/3 = 2/5 ಎಂದು ಬರೆದ ಹುಡುಗನಿಗೆ ‘ನಿನಗೆ ಗಮನವಿಲ್ಲ’ ಎಂದು ಗದರಿದ್ದೆ. ಅವನ ತಪ್ಪಿಗೂ ನಿಯಮವಿತ್ತು: ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದ. ಯಂತ್ರಕ್ಕೆ ಕೊಟ್ಟ ತಾಳ್ಮೆಯನ್ನು ಮಗುವಿಗೆ ಕೊಡಲಿಲ್ಲವಲ್ಲ! ನಮ್ಮ ಪಾಠ ಯೋಜನೆಯಲ್ಲಿ ‘ಮಕ್ಕಳ ತಪ್ಪು, ಅದರ ಕಾರಣ’ ಎಂಬ ಒಂದು ಕಾಲಂ ಕಡ್ಡಾಯವಾಗಲಿ ಎಂಬುದು ನನ್ನ ಅಭಿಪ್ರಾಯ.