ಪರನಾಡಿನ ಪುಟ್ಟ ರೈಲು

1825ರಲ್ಲಿ ಸ್ಟಾಕ್‌ಟನ್–ಡಾರ್ಲಿಂಗ್ಟನ್ ಮಾರ್ಗದ ಮೇಲೆ ಉಗಿಬಂಡಿಯನ್ನೋಡಿಸಿ ಜಗತ್ತಿಗೆ ರೈಲನ್ನು ಪರಿಚಯಿಸಿದ ನಾಡು ಇಂಗ್ಲೆಂಡು. ಪುಟ್ಟ ರೈಲುಗಳನ್ನು ಕಟ್ಟಿ ಮೇಜಿನ ಮೇಲೆ ಓಡಿಸುವ ಹವ್ಯಾಸವೂ ಅಲ್ಲಿ ಬಹಳ ಬೆಳೆದಿದೆ. ವಿಚಿತ್ರವೆಂದರೆ, ಆ ಹವ್ಯಾಸಿಗಳಲ್ಲಿ ಕೆಲವರು ಸ್ವದೇಶದ ಗಾಡಿಯನ್ನು ಬಿಟ್ಟು ಅಮೆರಿಕದ ಗಾಡಿಗೆ ಮನಸೋತಿದ್ದಾರೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂದು ನಕ್ಕುಬಿಡಬಹುದು. ಆದರೆ ಕಾರಣ ಅಷ್ಟೇ ಅಲ್ಲ.

ಮೊದಲನೆಯದು ಅಳತೆಯ ಮಾತು. ಇಂಗ್ಲೆಂಡಿನ ಸೇತುವೆ ಸುರಂಗಗಳು ಇಕ್ಕಟ್ಟಾದ್ದರಿಂದ ಅಲ್ಲಿನ ಎಂಜಿನುಗಳ ಮೈಯೂ ಕಿರಿದು. ಅವನ್ನು 87ರಲ್ಲೊಂದು ಪಾಲಿಗೆ ಇಳಿಸಿದರೆ ಹಿಂದಿನ ಕಾಲದ ಮೋಟರು ಒಳಗೆ ಹಿಡಿಯುತ್ತಿರಲಿಲ್ಲ. ಆದಕಾರಣ ತಯಾರಕರು ಗಾಡಿಯನ್ನು 76ರಲ್ಲೊಂದು ಪಾಲಿಗೆ ಹಿಗ್ಗಿಸಿದರು. ಕಂಬಿಗಳ ನಡುವಣ ಅಂತರವನ್ನು ಮಾತ್ರ 16.5 ಮಿಲಿಮೀಟರಿನಲ್ಲೇ ಉಳಿಸಿದರು. ಲೆಕ್ಕದಂತೆ ಅದು ಸುಮಾರು 18.8 ಇರಬೇಕಾಗಿತ್ತು. ಅಮೆರಿಕದ ಮಾದರಿಯಲ್ಲಾದರೋ ಗಾಡಿ, ಕಂಬಿ ಎರಡೂ 87ರ ಲೆಕ್ಕಕ್ಕೇ ಹೊಂದುತ್ತವೆ.

ಎರಡನೆಯದು ಗಾತ್ರದ ಬೆರಗು. 1941ರಲ್ಲಿ ಸ್ಕೆನೆಕ್ಟಡಿಯ ಆಲ್ಕೋ ಕಾರ್ಖಾನೆಯಿಂದ ಹೊರಟ ‘ಬಿಗ್ ಬಾಯ್’ ಎಂಬ ಉಗಿಯೆಂಜಿನು ಕಲ್ಲಿದ್ದಲ ಬಂಡಿಯೂ ಸೇರಿ 132 ಅಡಿಗೂ ಮಿಕ್ಕ ಉದ್ದ. ಮೇಜಿನ ಮೇಲೆಯೂ ಅದಕ್ಕೆ ಒಂದೂವರೆ ಅಡಿ ಬೇಕು! ಅಷ್ಟು ಜಾಗವಿಲ್ಲದವನಿಗೆ ಬೇರೊಂದು ದಾರಿಯುಂಟು: ಪುಸ್ತಕದ ಕಪಾಟಿನಷ್ಟು ಹಲಗೆಯ ಮೇಲೆ ಒಂದು ಸಣ್ಣ ಡೀಸೆಲ್ ಎಂಜಿನು, ನಾಲ್ಕಾರು ಗೂಡ್ಸು ಡಬ್ಬಿಗಳು. ಇದನ್ನು ಹಿಟ್ಟಿನ ಗಿರಣಿಗೆ, ಅದನ್ನು ಉಗ್ರಾಣಕ್ಕೆ ಎಂದು ಹಿಂದೆಮುಂದೆ ನಡೆಸುವುದೇ ಸಂಜೆಯ ಚದುರಂಗ.

ಮೂರನೆಯದು ಮನಸ್ಸಿನ ಬಿಡುವು. ಸ್ವಂತ ಊರಿನ ನಿಲ್ದಾಣವನ್ನು ಕಟ್ಟಲು ಕುಳಿತವನಿಗೆ ನೆನಪೇ ಕಾವಲುಗಾರ. ದೀಪದ ಕಂಬ ಒಂದಂಗುಲ ಸರಿದರೂ ಅದು ಒಪ್ಪದು. ಕಾಣದ ಊರನ್ನು ಕಟ್ಟುವಾಗ ಅಂಥ ತಕರಾರಿಲ್ಲ.

ಆದರೆ ಯಾದಗಿರಿಯವರಿಗೆ ಅಮೆರಿಕದ ಎಂಜಿನು ಪರಕೀಯವೇ? 1871ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ರಾಯಚೂರಿನವರೆಗೆ ಹಾಕಿದ ದಾರಿಯ ಮೇಲಿದೆ ಈ ಊರು. ದೇಶ ಸ್ವತಂತ್ರವಾದ 1947ರಲ್ಲಿಯೇ ಫಿಲಡೆಲ್ಫಿಯದ ಬಾಲ್ಡ್‌ವಿನ್ ಕಂಪನಿ ಭಾರತಕ್ಕೆ ಮೊದಲ 16 ಡಬ್ಲ್ಯೂಪಿ ಎಂಜಿನುಗಳನ್ನು ಕಟ್ಟಿಕೊಟ್ಟಿತು. ಗುಂಡಿನಂಥ ಮೂಗು ಅವುಗಳ ಗುರುತು. 1962ರಲ್ಲಿ ಡಬ್ಲ್ಯೂಡಿಎಂ-2 ಡೀಸೆಲ್ ಎಂಜಿನುಗಳು ಬಂದವು, ಅದೂ ‘ಬಿಗ್ ಬಾಯ್’ ಹುಟ್ಟಿದ ಆಲ್ಕೋ ಮನೆಯಿಂದಲೇ. ಮುಂದೆ ಆ ಜಾತಿಯ ಎಂಜಿನುಗಳು ವಾರಾಣಸಿಯಲ್ಲಿ ತಯಾರಾಗಿ ದೇಶದ ಉದ್ದಗಲಕ್ಕೂ ಓಡಿದವು. ಇಂಗ್ಲೆಂಡಿನ ಹವ್ಯಾಸಿಗೆ ಕನಸಾದ ಮನೆತನ ಇಲ್ಲಿ ದಿನನಿತ್ಯದ ನೆಂಟನಾಯಿತು. ತಲೆಮಾರುಗಳ ಕಾಲ ಶಹಾಪುರ, ಸುರಪುರದ ಮಕ್ಕಳು ರೈಲು ಕಾಣಬೇಕಾದರೆ ಯಾದಗಿರಿಗೇ ಬರಬೇಕಾಗಿತ್ತು. ಬಸ್ಸಿಳಿದು, ಹಿರಿಯರ ಕೈಹಿಡಿದು ಪ್ಲಾಟ್‌ಫಾರಮಿನ ಮೇಲೆ ನಿಂತ ಮಗುವಿಗೆ ಎಂಜಿನಿನ ತವರು ಯಾವುದಾದರೇನು? ಅದು ತನ್ನೂರಿನ ರೈಲೇ.

ಉಗಿಬಂಡಿಗಳು ಹೋದವು, ಅವನ್ನು ಕಂಡ ಕಣ್ಣುಗಳೂ ಮುಪ್ಪಾಗುತ್ತಿವೆ. ನೆನಪೆಂಬ ಕಾವಲುಗಾರ ಕಿರಿಕಿರಿಯವನಾದರೂ ಸಾಕ್ಷಿಯೂ ಅವನೇ. ಯಾದಗಿರಿಯ ನಿಲ್ದಾಣವನ್ನು, ಅದರ ಊರ ಮೇಲಿನ ಕೋಟೆಗುಡ್ಡವನ್ನು ಅಲ್ಲಿಯವರು ಕಟ್ಟದಿದ್ದರೆ ಇನ್ನಾರು ಕಟ್ಟಿಯಾರು? ಅಂಗಡಿಯ ದುಬಾರಿ ಸಾಮಾನೇ ಬೇಕೆಂದಿಲ್ಲ. ರಟ್ಟು, ಅಂಟು, ಕತ್ತರಿ ಸಾಕು. ಒಂದು ಎಚ್ಚರಿಕೆ ಮಾತ್ರ: ಭಾರತದ ಅಗಲ ಕಂಬಿಯ ಅಂತರ 1,676 ಮಿಲಿಮೀಟರು, 87ರಿಂದ ಭಾಗಿಸಿದರೆ ಹತ್ತೊಂಬತ್ತಕ್ಕೆ ತುಸು ಮೇಲು. ಅಷ್ಟನ್ನು ಅಳೆದು ಗೆರೆಯೆಳೆಯಲಿ. ಮೊಮ್ಮಗ ರಟ್ಟು ಕತ್ತರಿಸುವಾಗ ಅಜ್ಜ ಪಕ್ಕದಲ್ಲಿ ಕುಳಿತು, “ನೀರಿನ ಕೊಳವೆ ಅಲ್ಲಲ್ಲೋ, ಇತ್ತ ಇತ್ತು” ಎಂದು ತಿದ್ದಿದರೆ, ಆ ರೈಲು ಸರಿಯಾದ ಹಳಿಯ ಮೇಲಿದೆಯೆಂದೇ ಅರ್ಥ.